ಇಪ್ಪತ್ತೈದು ಮೀಟರಿನ ಕೊಳ ಮತ್ತು ಸ್ತ್ರೀಯರ ಎದೆ-ಈಜು

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ನಮ್ಮ ಭಾಗದಲ್ಲಿ ಈಜು ಹೊಸ ವಿದ್ಯೆಯೇನೂ ಅಲ್ಲ. ಯಡೂರು, ಕಲ್ಲೋಳ, ಕುಡಚಿ, ಉಗಾರಗಳ ಹೊಳೆದಂಡೆಯಲ್ಲಿ ಬೆಳೆದ ಹುಡುಗರಿಗೆ ಅದನ್ನು ಯಾರೂ ಪಾಠ ಮಾಡಿ ಹೇಳಿಕೊಡಬೇಕಾಗಿಲ್ಲ. ಹೊಳೆಯಿಂದ ದೂರವಿರುವ ಹಳ್ಳಿಗಳಲ್ಲಿ ತೋಟದ ಬಾವಿಯೇ ಶಾಲೆ. ಬೆನ್ನಿಗೆ ಕಟ್ಟಿದ ಸೋರೆಬುರುಡೆಯೋ ಖಾಲಿ ಡಬ್ಬಿಯೋ ಗುರು. ಆದರೆ ಈ ಶಾಲೆಯ ಹಾಜರಿ ಪಟ್ಟಿಯಲ್ಲಿ ಹೆಣ್ಣು ಮಕ್ಕಳ ಹೆಸರು ಬಲು ವಿರಳ. ಜಗತ್ತಿನ ಸ್ತ್ರೀಯರು ಈ ವಿದ್ಯೆಯಲ್ಲಿ ಎಷ್ಟು ಮುಂದೆ ಹೋಗಿದ್ದಾರೆ, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಒಂದೇ ಒಂದು ಸ್ಪರ್ಧೆಯನ್ನು ಆರಿಸಿಕೊಂಡು ವಿವರಿಸುವುದು ಈ ಲೇಖನದ ಉದ್ದೇಶ. ಆ ಸ್ಪರ್ಧೆಯೇ ಶಾರ್ಟ್ ಕೋರ್ಸ್ ಕೊಳದಲ್ಲಿ ನಡೆಯುವ ಸ್ತ್ರೀಯರ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್, ಅಂದರೆ ಎದೆ-ಈಜು.

ಮೊದಲು ಈ ಈಜಿನ ಸ್ವರೂಪವನ್ನು ನೋಡೋಣ. ಕಪ್ಪೆಯು ನೀರಿನಲ್ಲಿ ಸಾಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕೈಗಳು ಒಟ್ಟಿಗೆ ನೀರನ್ನು ಅಗಲವಾಗಿ ಸರಿಸಿ, ಎದೆಯ ಕೆಳಗೆ ಕೂಡಿ, ಮತ್ತೆ ಮುಂದಕ್ಕೆ ಚಾಚಿಕೊಳ್ಳುತ್ತವೆ. ಎರಡೂ ಕಾಲುಗಳು ಒಟ್ಟಿಗೆ ಮಡಿಚಿ, ಪಾದಗಳು ಹೊರಕ್ಕೆ ತಿರುಗಿ, ಹಿಂದಕ್ಕೆ ಒದೆಯುತ್ತವೆ. ಒಂದು ಕೈ ಮುಂದೆ, ಒಂದು ಕೈ ಹಿಂದೆ ಎಂಬುದಕ್ಕೆ ಇಲ್ಲಿ ಆಸ್ಪದವಿಲ್ಲ. ಸ್ಪರ್ಧೆಯ ನಾಲ್ಕು ಬಗೆಯ ಈಜುಗಳಲ್ಲಿ ಇದೇ ಅತ್ಯಂತ ನಿಧಾನವಾದುದು. ಇದಕ್ಕೆ ಕಾರಣವೂ ಸರಳವಾಗಿದೆ. ಕಾಲು ಮಡಿಚಿದಾಗ ತೊಡೆಗಳು ನೀರಿಗೆ ಅಡ್ಡ ಬರುತ್ತವೆ; ಕೈಗಳು ನೀರೊಳಗಿಂದಲೇ ಮುಂದಕ್ಕೆ ಹೋಗಬೇಕಾಗುವುದರಿಂದ ಅವೂ ತಡೆಯಾಗುತ್ತವೆ. ನೀರಿನ ತಡೆಯಾದರೋ ವೇಗ ಇಮ್ಮಡಿಯಾದರೆ ಸುಮಾರು ನಾಲ್ಮಡಿಯಾಗುತ್ತದೆ. ಆದ್ದರಿಂದ ಇಲ್ಲಿ ಬರಿಯ ತೋಳಿನ ಬಲವು ಸಾಲದು. ಒದ್ದ ಮೇಲೆ ಮೈಯನ್ನು ಬಾಣದಂತೆ ನೀಳವಾಗಿ ಹಿಡಿದು, ಜಾರುವಷ್ಟು ಕಾಲ ಜಾರಿ, ವೇಗ ಕುಂದುವ ಮುನ್ನ ಮುಂದಿನ ಬೀಸಿಗೆ ಕೈಹಾಕಬೇಕು. ಓಟದ ಸ್ಪರ್ಧೆಯಲ್ಲಿಯೂ ತಾಳ್ಮೆ ಬೇಡುವ ಈಜು ಇದು.

ಇನ್ನು ಶಾರ್ಟ್ ಕೋರ್ಸ್ ಎಂದರೇನು? ಒಲಿಂಪಿಕ್ ಕ್ರೀಡೆಗಳು ನಡೆಯುವ ಕೊಳದ ಉದ್ದ 50 ಮೀಟರ್. ಅದರ ಅರ್ಧ, ಅಂದರೆ 25 ಮೀಟರ್ ಉದ್ದದ ಕೊಳಕ್ಕೆ ಶಾರ್ಟ್ ಕೋರ್ಸ್ ಎನ್ನುತ್ತಾರೆ. ಈ ಕೊಳಕ್ಕೆ ಬೇರೆಯೇ ವಿಶ್ವ ಚಾಂಪಿಯನ್‌ಶಿಪ್ ಇದೆ, ಬೇರೆಯೇ ದಾಖಲೆಗಳಿವೆ. ಮೊದಲನೆಯ ಚಾಂಪಿಯನ್‌ಶಿಪ್ 1993ರಲ್ಲಿ ಸ್ಪೇನ್ ದೇಶದ ಪಾಲ್ಮಾ ನಗರದಲ್ಲಿ ನಡೆಯಿತು. ಉದ್ದನೆಯ ಕೊಳದಲ್ಲಿ 50 ಮೀಟರ್ ಸ್ಪರ್ಧೆ ಒಂದೇ ದಮ್ಮಿಗೆ ಮುಗಿಯುತ್ತದೆ. ಗಿಡ್ಡ ಕೊಳದಲ್ಲಿ ನಡುವೆ ಒಂದು ಗೋಡೆ ಬರುತ್ತದೆ; ಅದನ್ನು ಮುಟ್ಟಿ ಹೊರಳಿ ಬರಬೇಕು.

ಗೋಡೆ ಬಂದರೆ ವೇಗ ಕುಂಠಿತವಾಗುವುದೆಂದು ನಮಗೆ ತೋರುವುದು ಸಹಜ. ಆದರೆ ಅಂಕೆಗಳು ಬೇರೆ ಮಾತನ್ನು ಹೇಳುತ್ತವೆ. ಲಿಥುವೇನಿಯಾದ ರೂಟಾ ಮೈಲುಟಿಟೆ ಎಂಬಾಕೆ 2022ರ ಡಿಸೆಂಬರಿನಲ್ಲಿ ಮೆಲ್ಬೋರ್ನಿನ ಗಿಡ್ಡ ಕೊಳದಲ್ಲಿ 50 ಮೀಟರ್ ಎದೆ-ಈಜನ್ನು 28.37 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಸ್ಥಾಪಿಸಿದಳು. ಅವಳೇ 2023ರಲ್ಲಿ ಜಪಾನಿನ ಫುಕುಓಕಾದಲ್ಲಿ ಉದ್ದನೆಯ ಕೊಳದ ವಿಶ್ವದಾಖಲೆ ಮಾಡಿದಾಗ ಹಿಡಿದ ಕಾಲ 29.16 ಸೆಕೆಂಡು. ಈಜಿದವಳು ಒಬ್ಬಳೇ, ದೂರವೂ ಒಂದೇ. ಆದರೂ ಗೋಡೆಯಿದ್ದ ಕೊಳದಲ್ಲಿ 0.79 ಸೆಕೆಂಡು ಬೇಗ. ಗೋಡೆ ಅಡ್ಡಿಯಾಗುವ ಬದಲು ಸಹಾಯಕ್ಕೆ ಬಂದಿತೆಂದಾಯಿತು.

ಇದರ ಗುಟ್ಟು ಏನು? ನಿಯಮದಂತೆ ಈಜುಗಾತಿಯು ಎರಡೂ ಕೈಗಳಿಂದ ಏಕಕಾಲಕ್ಕೆ ಗೋಡೆಯನ್ನು ಮುಟ್ಟಬೇಕು. ಒಂದೇ ಕೈ ಮುಟ್ಟಿದರೆ ಅವಳು ಸ್ಪರ್ಧೆಯಿಂದ ಹೊರಗೆ. ಮುಟ್ಟಿದೊಡನೆ ಹೊರಳಿ, ಪಾದಗಳಿಂದ ಗೋಡೆಯನ್ನು ಒದ್ದು ಚಿಮ್ಮುತ್ತಾಳೆ. ಆ ಚಿಮ್ಮಿಗೆಯ ವೇಗ ಮೇಲೆ ಈಜಿ ಗಳಿಸುವ ವೇಗಕ್ಕಿಂತ ಹೆಚ್ಚು. ಆಗ ನೀರಿನೊಳಗೆ ಇದ್ದುಕೊಂಡೇ ಒಂದು ಸಲ ಕೈಗಳನ್ನು ತೊಡೆಯವರೆಗೂ ಎಳೆದುಕೊಳ್ಳಲು ಅನುಮತಿ ಇದೆ. 2005ರ ನಂತರ, ಕಪ್ಪೆಯೊದೆತಕ್ಕೆ ಮುನ್ನ ಡಾಲ್ಫಿನ್ ಮೀನಿನಂತೆ ಕಾಲು ಜೋಡಿಸಿ ಒಮ್ಮೆ ಮಾತ್ರ ಒದೆಯುವುದಕ್ಕೂ ಅನುಮತಿ ದೊರೆತಿದೆ. ನೀರಿನ ಮೇಲ್ಮೈಯಲ್ಲಿ ಏಳುವ ಅಲೆಗಳ ತಡೆ ಆಳದಲ್ಲಿ ಕಡಿಮೆ. ಹೀಗಾಗಿ ಗೋಡೆಯನ್ನು ಚೆನ್ನಾಗಿ ಬಳಸಬಲ್ಲವಳಿಗೆ ಗಿಡ್ಡ ಕೊಳ ವರವಾಗುತ್ತದೆ.

ಇದಕ್ಕೆ ಇನ್ನೊಂದು ನಿದರ್ಶನವುಂಟು. 2014ರಲ್ಲಿ ಕತಾರ್ ದೇಶದ ದೋಹಾದಲ್ಲಿ ನಡೆದ ಶಾರ್ಟ್ ಕೋರ್ಸ್ ಚಾಂಪಿಯನ್‌ಶಿಪ್ಪಿನಲ್ಲಿ ಜಮೈಕಾದ ಆಲಿಯಾ ಆಟ್ಕಿನ್ಸನ್ 100 ಮೀಟರ್ ಎದೆ-ಈಜನ್ನು 1 ನಿಮಿಷ 2.36 ಸೆಕೆಂಡುಗಳಲ್ಲಿ ಮುಗಿಸಿ, ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದಳು. ಆ ದಾಖಲೆ ಮೈಲುಟಿಟೆಯದೇ. ಎರಡನೆಯವಳಾಗಿ ಬಂದವಳೂ ಅವಳೇ. ಈಜಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಮಹಿಳೆ ಆಲಿಯಾ. ಓಟಗಾರರಿಗೆ ಹೆಸರಾದ ಒಂದು ಚಿಕ್ಕ ದ್ವೀಪ, ಈಜಿನ ಪರಂಪರೆ ಅಷ್ಟಾಗಿ ಇಲ್ಲದ ನಾಡು. ಅಲ್ಲಿಂದ ಬಂದ ಹೆಣ್ಣುಮಗಳಿಗೆ ಈ ಕೀರ್ತಿ ದೊರೆತದ್ದು 25 ಮೀಟರಿನ ಕೊಳದಲ್ಲಿ.

ನಮ್ಮ ದೇಶದ ಸ್ತ್ರೀಯರಿಗೂ ಎದೆ-ಈಜಿಗೂ ಹಳೆಯ ನಂಟಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಲಕತ್ತೆಯ ಆರತಿ ಸಾಹಾ 200 ಮೀಟರ್ ಎದೆ-ಈಜಿನಲ್ಲಿ ಭಾಗವಹಿಸಿದಾಗ ಆಕೆಗೆ ಇನ್ನೂ 12 ತುಂಬಿರಲಿಲ್ಲ. ಪದಕ ದೊರೆಯಲಿಲ್ಲ. ಆದರೆ ಏಳು ವರ್ಷಗಳ ಬಳಿಕ, 1959ರ ಸೆಪ್ಟೆಂಬರ್ 29ರಂದು, ಆಕೆ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲ ಏಷ್ಯನ್ ಮಹಿಳೆಯಾದಳು. ನಮ್ಮ ರಾಜ್ಯದ ನಿಶಾ ಮಿಲೆಟ್ 2000ದಲ್ಲಿ ಸಿಡ್ನಿಗೂ, ಶಿಖಾ ಟಂಡನ್ 2004ರಲ್ಲಿ ಅಥೆನ್ಸಿಗೂ, ಧಿನಿಧಿ ದೇಸಿಂಗು 2024ರಲ್ಲಿ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿಗೂ ಹೋಗಿ ಒಲಿಂಪಿಕ್ ಕೊಳದಲ್ಲಿ ಈಜಿದರು. ಮೂವರೂ ಬೆಂಗಳೂರಿನಲ್ಲಿ ಪಳಗಿದವರು. ಪ್ರತಿಭೆ ಬೆಂಗಳೂರಿನಲ್ಲಿ ಮಾತ್ರ ಹುಟ್ಟುವುದಿಲ್ಲ. ಕೊಳ ಮತ್ತು ಶಿಕ್ಷಕರು ಅಲ್ಲಿ ದೊರೆಯುತ್ತಾರೆ.

ನಾನು ಈ ವಿಷಯವನ್ನು ಆರಿಸಿಕೊಳ್ಳಲು ನನ್ನದೇ ಒಂದು ಕಾರಣವುಂಟು. ಚಿಕ್ಕಂದಿನಲ್ಲಿ ಅಜ್ಜ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ತೋಟದ ಬಾವಿಯಲ್ಲಿ ಬಿಟ್ಟು ಕಪ್ಪೆ-ಈಜು ಕಲಿಸಿದರು. ಒಂದು ಕಡೆಯ ಕಲ್ಲನ್ನು ಒದ್ದು ಇನ್ನೊಂದು ಕಡೆಯ ಕಲ್ಲನ್ನು ಮುಟ್ಟುವುದು ನಮ್ಮ ಆಟ. ಶಾರ್ಟ್ ಕೋರ್ಸ್ ಎಂಬ ಹೆಸರು ತಿಳಿಯದಿದ್ದರೂ ನಾವು ಆಡುತ್ತಿದ್ದುದು ಅದನ್ನೇ. ಹತ್ತು ವರ್ಷ ತುಂಬಿದ ಮೇಲೆ, ಹುಡುಗಿ ಇನ್ನು ಬಾವಿಗೆ ಇಳಿಯಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ನನ್ನ ತಮ್ಮ ಇಂದಿಗೂ ಈಜುತ್ತಾನೆ.

ಇದು ನನ್ನೊಬ್ಬಳ ಕತೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಹೊಳೆಗೆ ಬಟ್ಟೆ ಒಗೆಯಲು ಇಳಿಯುವವರು ಹೆಂಗಸರು. ಈಜು ಬಲ್ಲವರು ಗಂಡಸರು. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ನಮಗೆ ಈ ಅಂತರದ ಅರ್ಥವೇನೆಂದು ಯಾರೂ ಹೇಳಬೇಕಾಗಿಲ್ಲ. ಹಾಗೆಂದು ಹುಡುಗಿಯರು ನಾಳೆಯೇ ಹೊಳೆಗೆ ಧುಮುಕಬೇಕೆಂದು ನಾನು ಹೇಳುತ್ತಿಲ್ಲ. ಹೊಳೆಯಲ್ಲಿ ಸೆಳವಿದೆ, ಕೆಸರಿದೆ, ಮೊಸಳೆಯೂ ಇದೆ. ಕಲಿಯಲು ತಕ್ಕ ಸ್ಥಳ ಕೊಳವೇ.

ಕೊಳವೆಂದೊಡನೆ ನೀರಿನ ಪ್ರಶ್ನೆ ಏಳುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಅಥಣಿಯ ಕಡೆಯವರು ಅದನ್ನು ಕೇಳಲೇಬೇಕು. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳಕ್ಕೆ 25 ಲಕ್ಷ ಲೀಟರ್ ನೀರು ಬೇಕು. 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳಕ್ಕೆ ಸುಮಾರು 4 ಲಕ್ಷ 70 ಸಾವಿರ ಲೀಟರ್ ಸಾಕು. ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಅದೇ ನೀರನ್ನು ಸೋಸಿ ಶುದ್ಧಮಾಡಿ ಮತ್ತೆ ಮತ್ತೆ ಬಳಸಬಹುದು. ಉಡುಪಿನ ಸಂಕೋಚಕ್ಕೂ ಪರಿಹಾರವುಂಟು: ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿಯೇ ಸ್ತ್ರೀಯರು ಭುಜದಿಂದ ಮೊಣಕಾಲಿನವರೆಗೆ ಮುಚ್ಚುವ ಉಡುಪನ್ನು ಧರಿಸಬಹುದು. ದಿನದಲ್ಲಿ ಒಂದು ಹೊತ್ತನ್ನು ಹೆಣ್ಣು ಮಕ್ಕಳಿಗೇ ಮೀಸಲಿಟ್ಟು, ಶಿಕ್ಷಕಿಯೊಬ್ಬರನ್ನು ನೇಮಿಸಿದರೆ ತಾಯಿತಂದೆಗಳ ಅಳುಕು ಬಹುಮಟ್ಟಿಗೆ ಕಡಿಮೆಯಾದೀತು.

ಕಾಲವೂ ಅನುಕೂಲವಾಗಿದೆ. 2024ರವರೆಗೆ ಒಲಿಂಪಿಕ್ಸಿನ ಕೊಳದಲ್ಲಿ 50 ಮೀಟರ್ ಎಂದರೆ ಫ್ರೀಸ್ಟೈಲ್ ಒಂದೇ ಇತ್ತು. 2028ರ ಲಾಸ್ ಏಂಜಲೀಸ್ ಕ್ರೀಡೆಗಳಿಗೆ 50 ಮೀಟರ್ ಎದೆ-ಈಜನ್ನೂ ಸೇರಿಸಲಾಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ನಡುವೆ ಹೆಣ್ಣು ಮಕ್ಕಳು ನಿರ್ಭಯವಾಗಿ ಇಳಿಯಬಹುದಾದ ಒಂದು ಗಿಡ್ಡ ಕೊಳವನ್ನು ಬೇಡುವುದು ದೊಡ್ಡ ಆಶೆಯೇನಲ್ಲ. ಅದರಿಂದ ಪದಕ ಬಂದರೆ ಸಂತೋಷ. ಬಾರದಿದ್ದರೂ ಹೊಳೆ ಏರಿದ ದಿನ ದಡ ಸೇರಬಲ್ಲ ಹೆಣ್ಣುಮಗಳೊಬ್ಬಳು ಪ್ರತಿ ಮನೆಯಲ್ಲಿಯೂ ಇರುತ್ತಾಳೆ. ಗುರುಹಿರಿಯರು ಮತ್ತು ವಿದ್ಯಾರ್ಥಿ ಬಂಧುಭಗಿನಿಯರು ಈ ಮಾತನ್ನು ಯೋಚಿಸಬೇಕೆಂದು ವಿನಂತಿಸುತ್ತೇನೆ.