ವೈವಾದಲ್ಲಿ ಪಾದರಸವನ್ನೂ ಕೇಳು

ಪ್ರೀತಿಯ ಶಿಷ್ಯೆಗೆ,

ದಂತ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿ ಸೇರಿದ್ದೀಯೆಂದು ತಿಳಿದು ಸಂತೋಷವಾಯಿತು. ಬಿಡಿಎಸ್ ಮಕ್ಕಳಿಗೆ ಪರಿಸರದ ಪಾಠ ಮಾಡುವ ಹೊಣೆಯೂ ನಿನ್ನ ಪಾಲಿಗೆ ಬಂದಿದೆಯಂತೆ. ಒಂದು ಗಂಟೆಯ ಉಪನ್ಯಾಸ, ಜೂನ್ 5ರಂದು ಒಂದು ಗಿಡ, ಇಷ್ಟಕ್ಕೇ ಮುಗಿಸಿಬಿಡಬೇಡ. ಈ ಪಾಠ ಡೆಂಟಲ್ ಚೇರ್‌ನ ಪಕ್ಕದಲ್ಲಿ ನಡೆಯಬೇಕು, ಅದಕ್ಕೆ ಅಂಕವೂ ಇರಬೇಕು. ಅಂಕವಿಲ್ಲದ್ದನ್ನು ನಮ್ಮ ಮಕ್ಕಳು ಓದುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಪ್ರಿಕ್ಲಿನಿಕಲ್ ಲ್ಯಾಬಿನಿಂದಲೇ ಶುರು ಮಾಡು. ಅಭ್ಯಾಸಕ್ಕೆಂದು ಕಿತ್ತ ಹಲ್ಲುಗಳನ್ನು ಬಾಟಲಿಯಲ್ಲಿ ಕೂಡಿಡುತ್ತಾರಲ್ಲ, ಆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಲು ಹೇಳು. ಕೆಲವು ದವಡೆ ಹಲ್ಲುಗಳ ಮೇಲೆ ಬೂದು ಬಣ್ಣದ ಅಮಾಲ್ಗಮ್ ಕಾಣುತ್ತದೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ. ಅಂಥ ಹಲ್ಲನ್ನು ಆಟೋಕ್ಲೇವ್‌ಗೆ ಹಾಕಿದರೆ ಪಾದರಸ ಆವಿಯಾಗಿ ಲ್ಯಾಬಿನ ಗಾಳಿಗೇ ಸೇರುತ್ತದೆ. ಹಳದಿ ಚೀಲಕ್ಕೆ ಹಾಕಿದರೆ ಇನ್ಸಿನರೇಟರ್‌ಗೆ ಹೋಗಿ ಊರ ಗಾಳಿಗೆ. ಆ ಹಲ್ಲನ್ನು 10% ಫಾರ್ಮಲಿನ್‌ನಲ್ಲಿ ಎರಡು ವಾರ ಮುಳುಗಿಸಿಟ್ಟು ಸೋಂಕು ಕಳೆಯಬೇಕು. ಉಳಿದ ಅಮಾಲ್ಗಮ್ ಚೂರು ಬಿಗಿ ಮುಚ್ಚಳದ ಡಬ್ಬಿಗೆ ಹೋಗಬೇಕು, ಸಿಂಕಿಗಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಚೀಲದ ಬಣ್ಣಗಳನ್ನು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಯಾವ ಹಲ್ಲು ಹಳದಿ ಚೀಲಕ್ಕೆ ಹೋಗಬಾರದು, ಏಕೆ ಎಂದು ನೀನು ವೈವಾದಲ್ಲಿ ಕೇಳು.

ಅಮಾಲ್ಗಮ್ ಹೇಗೂ ಮರೆಯಾಗುತ್ತಿದೆ, ಇನ್ನೇಕೆ ಈ ಪಾಠ ಎನ್ನುವವರು ಸಿಗುತ್ತಾರೆ. ಮರೆಯಾಗುತ್ತಿರುವುದು ನಿಜ. ಜಪಾನಿನ ಮಿನಮಾಟದಲ್ಲಿ ಮೀನು ತಿಂದ ಜನ ಪಾದರಸದಿಂದ ನರಳಿದರು. ಪಾದರಸ ತಡೆಯಲು ಆ ಊರಿನ ಹೆಸರಿನಲ್ಲಾದ ಒಪ್ಪಂದಕ್ಕೆ ಭಾರತ 2018ರಲ್ಲಿ ಅಧಿಕೃತವಾಗಿ ಸೇರಿತು. 2034ರೊಳಗೆ ಅಮಾಲ್ಗಮ್ ಬಳಕೆ ನಿಲ್ಲಿಸಬೇಕೆಂದು 2025ರಲ್ಲಿ ಸದಸ್ಯ ದೇಶಗಳು ತೀರ್ಮಾನಿಸಿದವು. ಆದರೆ ಈಗಾಗಲೇ ಜನರ ಬಾಯಲ್ಲಿರುವ ಹಳೆಯ ಫಿಲ್ಲಿಂಗ್‌ಗಳನ್ನು ಮುಂದೆ ಕೊರೆದು ತೆಗೆಯುವವರು ನಿನ್ನ ಈ ವಿದ್ಯಾರ್ಥಿಗಳೇ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಇಂಗ್ಲೆಂಡಿನ ಸರ್ಕಾರಿ ದಂತ ಸೇವೆಯ 2013-14ರ ಇಂಗಾಲದ ಲೆಕ್ಕ ಹಾಕಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳ ಮತ್ತು ಸಿಬ್ಬಂದಿಯ ಓಡಾಟದಿಂದಲೇ ಬಂದಿತ್ತು. ನಮ್ಮ ರೋಗಿಗಳು ಹೆಚ್ಚಾಗಿ ಬಸ್ಸಿನಲ್ಲಿ ಬರುವವರು, ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದದು. ಆದರೂ ಯೋಚಿಸು: ಇಂತಿಷ್ಟು ಫಿಲ್ಲಿಂಗ್ ಮಾಡಲೇಬೇಕೆಂಬ ಕೋಟಾ ತುಂಬಿಸಲು ವಿದ್ಯಾರ್ಥಿಗಳು ಒಂದೊಂದು ಫಿಲ್ಲಿಂಗಿಗೂ ರೋಗಿಯನ್ನು ಬೇರೆ ಬೇರೆ ದಿನ ಕರೆಸುತ್ತಾರೆ. ಬಂದವರು ಪ್ರತಿ ಸಲವೂ ಒಂದು ದಿನದ ಕೂಲಿ ಬಿಡುತ್ತಾರೆ. ಸಲಕ್ಕೊಂದು ಜೊತೆ ಗ್ಲೌಸ್, ಮಾಸ್ಕ್, ಸೂಜಿ. ಒಂದೇ ಬದಿಯ ಎರಡು ಹುಳುಕನ್ನು ಒಂದೇ ಸಿಟಿಂಗ್‌ನಲ್ಲಿ ಚೆನ್ನಾಗಿ ಮುಗಿಸಿದವರಿಗೆ ಅಂಕ ಹೆಚ್ಚಿಸು. ಹುಳುಕೇ ಹಿಡಿಯದಂತೆ ಮಗುವಿನ ಹಲ್ಲಿಗೆ ಸೀಲಂಟ್ ಹಚ್ಚಿದ್ದಕ್ಕೂ, ತಾಯಿಗೆ ಬ್ರಷ್ ಮಾಡಿಸುವುದನ್ನು ಕಲಿಸಿದ್ದಕ್ಕೂ ಫಿಲ್ಲಿಂಗಿನಷ್ಟೇ ಬೆಲೆ ಸಿಗಲಿ.

ಒಂದು ಎಚ್ಚರಿಕೆ. ಪರಿಸರದ ಹೆಸರಿನಲ್ಲಿ ಗ್ಲೌಸ್, ಸೂಜಿಗಳನ್ನು ಮತ್ತೆ ಬಳಸುವ ಮಾತು ಯಾರೇ ಎತ್ತಿದರೂ ಒಪ್ಪಬೇಡ. ಸೋಂಕಿನ ವಿಷಯದಲ್ಲಿ ರಾಜಿ ಇಲ್ಲ.

ಮುಂದಿನ ವಿಭಾಗದ ಸಭೆಯಲ್ಲಿ ಕೋಟಾ ಪಟ್ಟಿ ಬದಲಿಸುವ ಪ್ರಸ್ತಾಪ ಇಡಮ್ಮ. ಮುಖ್ಯಸ್ಥರು ಒಪ್ಪದಿದ್ದರೆ ಅದರ ಮುಂದಿನ ಸಭೆಯಲ್ಲಿ ಮತ್ತೆ ಇಡು.

ನಿನ್ನ ಮೇಷ್ಟ್ರು