ದಂತಮೂಲನಾಳದ ಶುದ್ಧಿ

ಬಾವಿಯ ಮೆಟ್ಟಿಲಿಗಂಟಿದ ಪಾಚಿಯು ಕೊಡ ನೀರು ಸುರಿದ ಮಾತ್ರಕ್ಕೆ ಹೋಗದೆಂಬುದನ್ನು ಪಾಲಬಾವಿಯ ಜನರಿಗೆ ಹೇಳಬೇಕಾಗಿಲ್ಲ. ಹುಳುಕು ಆಳಕ್ಕಿಳಿದ ಹಲ್ಲಿನ ಬೇರುನಾಳದಲ್ಲಿಯೂ ಸೂಕ್ಷ್ಮಾಣುಗಳು ತಾವೇ ಸ್ರವಿಸಿದ ಲೋಳೆಯಲ್ಲಡಗಿ ಪೊರೆಯಾಗಿ ನೆಲೆಸುತ್ತವೆ. ಹಲ್ಲಿನ ಕಿಟ್ಟದ ಹೊರಮೈಯ ಜೀವಿಗಳನ್ನಷ್ಟೇ ವಿನಿಗರ್ ಕೊಲ್ಲುವುದೆಂದು 17ನೆಯ ಶತಮಾನದಲ್ಲಿಯೇ ಹಾಲೆಂಡಿನ ಲೇವನ್‌ಹುಕ್ ಕಂಡಿದ್ದನು.

ನಾಳದ ಕವಲುಗಳನ್ನು ವೈದ್ಯರ ಸಲಾಕೆ ಮುಟ್ಟದು. ಅಲ್ಲಿಗೆ ದ್ರಾವಣವೇ ಹೋಗಬೇಕು. ಸೋಡಿಯಂ ಹೈಪೋಕ್ಲೋರೈಟ್ ಪೊರೆಯನ್ನೂ ಸತ್ತ ಅಂಗಾಂಶವನ್ನೂ ಕರಗಿಸುತ್ತದೆ. ಇದರ ಶೇಕಡಾ 0.5ರ ದ್ರಾವಣದಿಂದಲೇ ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯಗಳನ್ನು ತೊಳೆದರು. ಸಲಾಕೆ ಉಜ್ಜಿದಾಗ ಗೋಡೆಗೆ ಮೆತ್ತುವ ಹುಡಿಯ ಸುಣ್ಣಾಂಶವನ್ನು ಶೇಕಡಾ 17ರ ಇ.ಡಿ.ಟಿ.ಎ. ತೆಗೆಯುತ್ತದೆ. ಕ್ಲೋರ್‌ಹೆಕ್ಸಿಡಿನ್ ಸೂಕ್ಷ್ಮಾಣುಗಳನ್ನು ಕೊಲ್ಲುವುದಾದರೂ ಪೊರೆಯನ್ನು ಕರಗಿಸದು. ಹೈಪೋಕ್ಲೋರೈಟಿನೊಡನೆ ಬೆರೆತರೆ ಕಂದುಬಣ್ಣದ ಗಸಿ ಕಟ್ಟುತ್ತದೆ.

ಆದುದರಿಂದ ನೋವು ನಿಂತಿತೆಂದು ಚಿಕಿತ್ಸೆಯನ್ನು ನಡುವೆ ಬಿಡುವುದು ಸಲ್ಲದು. ನೋವಡಗಿದರೂ ಪೊರೆ ಉಳಿದಿರಬಹುದೆಂಬ ಅರಿವನ್ನು ಶಿಕ್ಷಕರು ಮಕ್ಕಳ ಮನೆಗಳಿಗೆ ಮುಟ್ಟಿಸಬೇಕು.