ಹಾಜರಿ ಹೆಚ್ಚಿತು, ಕಾರಣವೇನು?

ಮುಂಬಯಿಯ ಮಳೆಗಾಲದಲ್ಲಿ ಶಾಲೆಯ ಬೆಂಚುಗಳು ಎಷ್ಟೋ ದಿನ ಬರಿದಾಗಿರುವುದನ್ನು ನಾವೆಲ್ಲರೂ ಬಲ್ಲೆವು. ಅಂಥ ಆಗಸ್ಟ್ ತಿಂಗಳಿನಲ್ಲಿ ಒಂದು ಶಾಲೆಯು, ತಪ್ಪದೆ ಬರುವವರಿಗೆ ಬಹುಮಾನ ಕೊಡುವುದಾಗಿ ಸಾರಿತೆಂದು ಭಾವಿಸೋಣ. ಅಕ್ಟೋಬರಿನಲ್ಲಿ ಹಾಜರಿ ಏರಿತು. ಇದು ಬಹುಮಾನದ ಫಲವೋ, ಮಳೆ ನಿಂತುದರ ಫಲವೋ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಮಾತ್ರಕ್ಕೆ ಕೊಂಬೆಯನ್ನು ಕಾಗೆಯೇ ಮುರಿಯಿತೆಂದು ಹೇಳಲಾಗದು. ಹಾಗಾದರೆ ನಿಜವನ್ನು ಅರಿಯುವ ಬಗೆ ಹೇಗೆ? ಎರಡು ಪ್ರಯೋಗಗಳಿಂದ ಇದನ್ನು ತಿಳಿಯೋಣ.

ಮೊದಲನೆಯದು ಆಫ್ರಿಕಾ ಖಂಡದ ಕೀನ್ಯಾ ದೇಶದ್ದು. ಅಲ್ಲಿನ ಬುಸಿಯಾ ಪ್ರಾಂತದ ಮಕ್ಕಳಲ್ಲಿ ಅನೇಕರಿಗೆ ಹೊಟ್ಟೆಯಲ್ಲಿ ಜಂತುಹುಳುಗಳ ಬಾಧೆಯಿತ್ತು. ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞರು 75 ಶಾಲೆಗಳ ಅಧ್ಯಯನ ನಡೆಸಿದರು. ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ, ಪಟ್ಟಿಯ ಕ್ರಮದಲ್ಲಿ ಶಾಲೆಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ 1998ರಿಂದ, ಇನ್ನೊಂದಕ್ಕೆ 1999ರಿಂದ, ಕಡೆಯದಕ್ಕೆ 2001ರಿಂದ ಔಷಧ ದೊರೆಯಿತು. ಮಳೆ, ಬೆಳೆ, ಹಬ್ಬಗಳು ಎಲ್ಲ ಗುಂಪುಗಳಿಗೂ ಸಮಾನವಷ್ಟೆ! ಆದುದರಿಂದ ಗುಂಪುಗಳ ನಡುವೆ ಕಂಡ ವ್ಯತ್ಯಾಸವನ್ನು ಔಷಧದ ಫಲವೆಂದು ಎಣಿಸಲು ಆಧಾರ ದೊರೆಯಿತು. ಶಾಲೆಯ ಹಾಜರಿ ಪುಸ್ತಕವೊಂದನ್ನೇ ನಂಬದೆ, ಮುನ್ಸೂಚನೆಯಿಲ್ಲದೆ ಹೋಗಿ ಮಕ್ಕಳನ್ನು ಎಣಿಸಿದರು. ಔಷಧ ಪಡೆದ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲುಭಾಗ ತಗ್ಗಿತ್ತು. ಆದರೆ ಪರೀಕ್ಷೆಯ ಅಂಕಗಳು ಏರಿರಲಿಲ್ಲ. ಇದನ್ನೂ ಅವರು ಮರೆಮಾಚದೆ 2004ರಲ್ಲಿ ಪ್ರಕಟಿಸಿದರು. ಮುಂದೆ ಬೇರೆ ವಿದ್ವಾಂಸರು ಅದೇ ಲೆಕ್ಕವನ್ನು ಮತ್ತೆ ಮಾಡಿ ಕೆಲವು ತಪ್ಪುಗಳನ್ನು ತೋರಿಸಿದರು, ವಾದವಿವಾದಗಳು ಎದ್ದವು. ಇದೂ ಪರೀಕ್ಷೆಯ ಒಂದು ಅಂಗವೇ.

ಎರಡನೆಯದು ನಡತೆಗೆ ಸಂಬಂಧಿಸಿದ್ದು. 1969ರಲ್ಲಿ ಅಮೆರಿಕದಲ್ಲಿ ಪ್ರಕಟವಾದುದು. ನಾಲ್ಕನೆಯ ತರಗತಿಯೊಂದರ ಮಕ್ಕಳನ್ನು ಎರಡು ತಂಡಗಳನ್ನಾಗಿ ಮಾಡಿ, ಅಪ್ಪಣೆಯಿಲ್ಲದೆ ಎದ್ದರೆ ಅಥವಾ ಮಾತನಾಡಿದರೆ ಆ ತಂಡದ ಹೆಸರಿನಲ್ಲಿ ಕರಿಹಲಗೆಯ ಮೇಲೆ ಗುರುತು ಹಾಕುವ ಆಟ ಅದು. ಮೊದಲು ಗಣಿತದ ವೇಳೆಯಲ್ಲಿ ಮಾತ್ರ ಆಟವಿತ್ತು. ಗದ್ದಲ ಅಲ್ಲಿ ಮಾತ್ರ ಇಳಿಯಿತು. ಬಳಿಕ ಗಣಿತದಲ್ಲಿ ಆಟವನ್ನು ನಿಲ್ಲಿಸಿ ವಾಚನದ ಪಾಠಕ್ಕೆ ತಂದರು. ಗಣಿತದಲ್ಲಿ ಗದ್ದಲ ಮರಳಿತು, ವಾಚನದಲ್ಲಿ ಇಳಿಯಿತು. ಒಂದೇ ತರಗತಿಯಿದ್ದರೂ, ಉಪಾಯವನ್ನು ಕೊಟ್ಟು ಹಿಂತೆಗೆದು ನೋಡಿದುದರಿಂದ ಕಾರಣವು ಸ್ಪಷ್ಟವಾಯಿತು.

ಇವುಗಳಿಂದ ನಾವು ಕಲಿಯಬೇಕಾದ ಪ್ರಶ್ನೆಗಳು ಮೂರು: ಯಾವುದರೊಡನೆ ಹೋಲಿಸಿದರು? ಎಣಿಸಿದವರು ಯಾರು, ಹೇಗೆ? ಯಾವುದು ಬದಲಾಗಲಿಲ್ಲ?

ಇದು ಕೇವಲ ಲೆಕ್ಕದ ಮಾತಲ್ಲ. ಜಂತುಬಾಧೆಯಿಂದ ಬಳಲುವ ಮಗುವನ್ನು ಸೋಮಾರಿಯೆಂದು ಗದರಿಸಿದರೆ ಅದರ ಹೊಟ್ಟೆನೋವು ವಾಸಿಯಾಗದು. ಬಹುಮಾನದ ಆಸೆ ತೋರಿಸಿದರೂ ಆಗದು. ನಮ್ಮ ದೇಶದಲ್ಲಿಯೂ 2015ರಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವು ಆರಂಭವಾಗಿ, ಶಾಲೆಗಳಲ್ಲಿ ಮಾತ್ರೆ ಕೊಡುವ ಏರ್ಪಾಡಾಯಿತು. ಕಾರಣವನ್ನು ತಪ್ಪಾಗಿ ತಿಳಿದರೆ ಉಪಾಯವೂ ತಪ್ಪುತ್ತದೆ. ಬೆಂಚು ಬರಿದಾಗಿಯೇ ಉಳಿಯುತ್ತದೆ. ಆದುದರಿಂದ ನಾಳೆ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ, ತೀರ್ಪು ಕೊಡುವ ಮೊದಲು, ಆ ಗೆಳೆಯನು ಏಕೆ ಬರಲಿಲ್ಲವೆಂಬುದನ್ನು ನಾವು ವಿಚಾರಿಸೋಣ.